ಕೆಂಚಮ್ಮನ ಹದಿನಾಲ್ಕು ಹಾಡು

ಗಿರಣಿಯ ಮೋಟಾರು, ಎರಡು ಜೊತೆ ಕಲ್ಲು, ಬೆಲ್ಟು ಎಲ್ಲ ಸೇರಿ ಹದಿನಾರು ಸಾವಿರಕ್ಕೆ ಹೋದವು. ಸುಟ್ಟುಹೋಗಿದ್ದ ವೈರಿಂಗ್ ಬದಲಿಸಲು ಎರಡು ಸಾವಿರದ ನೂರು ಖರ್ಚಾಯಿತು. ಉಳಿದ ದುಡ್ಡನ್ನು ಸೆರಗಿಗೆ ಕಟ್ಟಿಕೊಂಡು ಮೈಕ್‌ಸೆಟ್ಟಿನ ಇಲಿಯಾಸನ ಅಂಗಡಿಗೆ ಹೋದೆ. ಅವನು ಬರೆದುಕೊಟ್ಟ ಚೀಟಿಯಲ್ಲಿ ಹೀಗಿತ್ತು: ಬಾಯಿಗೆ ಹತ್ತಿರ ಇಟ್ಟರಷ್ಟೇ ಕೇಳಿಸಿಕೊಳ್ಳುವ ಮೈಕು ಎರಡು ಸಾವಿರದ ಮುನ್ನೂರು. ಕಂಪ್ಯೂಟರಿಗೆ ನೇರ ಸಿಕ್ಕಿಸುವ ಮೈಕು ಮೂರು ಸಾವಿರದ ನಾನೂರು, ಕಂಪ್ಯೂಟರು ನಮ್ಮದೇ ಇರಬೇಕು. ದೂರದ ಉಸಿರನ್ನೂ ಹಿಡಿಯುವ ಮೈಕು ಆರು ಸಾವಿರದ ಇನ್ನೂರು, ಅದಕ್ಕೆ ಕರೆಂಟು ಕೊಡುವ ಡಬ್ಬಿ ಎಂಟೂವರೆ ಸಾವಿರ ಬೇರೆ. ಮೈಕು ಒಳಗೇ ಇರುವ, ಅಂಗೈಯಷ್ಟು ಅಗಲದ ಹಳೆಯ ರೆಕಾರ್ಡರು ಏಳು ಸಾವಿರದ ಎಂಟುನೂರು. ಸ್ಟ್ಯಾಂಡು ಆರುನೂರೈವತ್ತು. ಹೆಡ್‌ಫೋನು ಸಾವಿರದ ನಾನೂರು. ಗೋಡೆಗೆ ಅಂಟಿಸುವ ಸ್ಪಂಜಿನ ಹಾಳೆ ಒಂದಕ್ಕೆ ನೂರೆಂಬತ್ತು, ನನ್ನ ಕೋಣೆಗೆ ನಲವತ್ತು ಹಾಳೆ ಬೇಕಂತೆ. ಚೀಟಿಯನ್ನು ಎರಡು ಸಲ ಓದಿದೆ. ಬೆಲೆ ಅರ್ಥವಾಯಿತು, ಸಾಮಾನು ಅರ್ಥವಾಗಲಿಲ್ಲ.

ಇಪ್ಪತ್ತಾರು ವರ್ಷ ಹಿಟ್ಟಿನ ಗಿರಣಿ ನಡೆಸಿದವಳು ನಾನು. ಜೋಳವನ್ನು ಬಾಯಿಗೆ ಹಾಕಿ ಕಡಿದರೆ ಯಾವ ಹೊಲದ್ದು, ಎಷ್ಟು ಒಣಗಿದೆ ಎಂದು ಹೇಳಬಲ್ಲೆ. ಆದರೆ ಮೈಕನ್ನು ಕಡಿದು ನೋಡಲು ಆಗುವುದಿಲ್ಲ. ಹಿಟ್ಟು ಪ್ಯಾಕೆಟ್ಟಿನಲ್ಲಿ ಬರಲು ಶುರುವಾದ ಮೇಲೆ ಗಿರಣಿಗೆ ಬರುವವರು ಕಡಿಮೆಯಾಗಿದ್ದರು. ಮುಚ್ಚಿ ಏನು ಮಾಡುವುದು ಎಂದು ಯೋಚಿಸುತ್ತಿದ್ದಾಗಲೇ ಕೆಂಚಮ್ಮ ಬಂದು ಕಟ್ಟೆಯ ಮೇಲೆ ಕೂತು, ಕೂತವಳು ಏಳಲಾರದೆ ಅತ್ತಿದ್ದಳು.

ಕೆಂಚಮ್ಮ ನಮ್ಮ ಊರಿನಲ್ಲಿ ಕೂಸು ಮಲಗಿಸುವವಳು. ನಮ್ಮ ಊರಿನಲ್ಲಿ ಅದು ಒಂದು ಕಸುಬು, ಏಕೆಂದರೆ ಇಲ್ಲಿ ಗುಂಯ್ ಇದೆ. ಹಗಲೂ ಇರುಳೂ, ಮನೆಯಲ್ಲೂ ಬಯಲಲ್ಲೂ ಒಂದೇ ಸಮನೆ ಗುಂಯ್ ಎನ್ನುತ್ತಿರುತ್ತದೆ. ದೊಡ್ಡವರಿಗೆ ಅಭ್ಯಾಸವಾಗಿದೆ, ಸ್ವಲ್ಪ ಜೋರಾಗಿ ಮಾತಾಡುತ್ತೇವೆ, ಗುಟ್ಟಿನ ಮಾತಿದ್ದರೆ ಹಿಟ್ಟಿನ ಮೇಲೆ ಬೆರಳಲ್ಲಿ ಬರೆದು ಅಳಿಸುತ್ತೇವೆ. ಕೂಸುಗಳಿಗೆ ಅಭ್ಯಾಸವಾಗಲು ಎರಡು ವರ್ಷ ಬೇಕು. ಅಲ್ಲಿಯವರೆಗೆ ಕೆಂಚಮ್ಮನಂಥವರು ಬಂದು, ತೊಟ್ಟಿಲ ಅಂಚಿಗೆ ಬಾಯಿ ಇಟ್ಟು ಹಾಡಬೇಕು. ಒಂದೊಂದು ಓಣಿಗೆ ಒಂಬತ್ತು ದಿನಕ್ಕೊಮ್ಮೆ, ನಲವತ್ತು ನಿಮಿಷ ಬಿಡುವು ಬರುತ್ತದೆ. ಆಗ ಆ ಓಣಿಯಲ್ಲಿ ಮಾತ್ರ ಗುಂಯ್ ಇರುವುದಿಲ್ಲ. ಯಾವ ಓಣಿಗೆ ಯಾವ ದಿನ ಎಂದು ಪುರಸಭೆಯ ಮುಂದಿನ ಹಲಗೆಯಲ್ಲಿ ಬರೆದಿರುತ್ತಾರೆ. ಡಾಕ್ಟರು ತಮ್ಮ ಕುರ್ಚಿ ಸಮೇತ ಬಿಡುವಿನ ಹಿಂದೆಯೇ ಓಣಿಯಿಂದ ಓಣಿಗೆ ಹೋಗುತ್ತಾರೆ, ಎದೆಬಡಿತ ಕೇಳಿಸುವುದು ಆಗ ಮಾತ್ರ. ಹೆಣ್ಣು ನೋಡುವ ಶಾಸ್ತ್ರವನ್ನೂ ಆಗಲೇ ಇಟ್ಟುಕೊಳ್ಳುತ್ತಾರೆ. ಗಂಡಹೆಂಡಿರು ಜಗಳವನ್ನೂ ಆ ನಲವತ್ತು ನಿಮಿಷಕ್ಕೆ ಎತ್ತಿಟ್ಟುಕೊಳ್ಳುವುದುಂಟು.

ಕೆಂಚಮ್ಮನಿಗೆ ಅರವತ್ತೆಂಟು. ದಿನಕ್ಕೆ ಐದು ಮನೆ ಸುತ್ತುತ್ತಿದ್ದವಳ ಮಂಡಿ ಕೆಟ್ಟು, ಈಗ ಎರಡು ಮನೆಗೆ ಹೋಗುವುದೂ ಕಷ್ಟವಾಗಿತ್ತು. ಮನೆಗೆ ಹೋಗದಿದ್ದರೆ ಆ ಮನೆಯವರು ಕೊಡುವ ಅಕ್ಕಿಯಿಲ್ಲ, ಇಪ್ಪತ್ತು ರೂಪಾಯಿಯೂ ಇಲ್ಲ. ಅವಳಿಗೆ ಹೇಳಿಕೊಳ್ಳುವ ಮಕ್ಕಳೂ ಇರಲಿಲ್ಲ. ಅವಳ ಹಾಡನ್ನು ರೆಕಾರ್ಡು ಮಾಡಿ, ಸಣ್ಣ ಸ್ಪೀಕರಿಗೆ ಹಾಕಿ, ಮನೆಗಳಿಗೆ ಬಾಡಿಗೆಗೆ ಕೊಟ್ಟರೆ ಹೇಗೆ ಎಂದು ನನಗೆ ಹೊಳೆದದ್ದು ಆವತ್ತೇ. ನಡೆಯುವುದು ಹಾಡು, ಕೂರುವುದು ಕೆಂಚಮ್ಮ. ಬಂದದ್ದರಲ್ಲಿ ಇಬ್ಬರಿಗೂ ಅರ್ಧರ್ಧ. ಖಾಲಿ ಗಿರಣಿಯೇ ಸ್ಟುಡಿಯೊ. ಕೆಂಚಮ್ಮ ಕಣ್ಣು ಒರೆಸಿಕೊಂಡು, ಎಲ್ಲ ಕೇಳಿ, ಹಾಡಿಗೆ ಮಂಡಿ ನೋಯಲ್ಲ ಅಲ್ವಾ ಎಂದಿದ್ದಳು.

ಇಲಿಯಾಸ್ ಮದುವೆ ಮುಂಜಿಗೆ ಮೈಕ್‌ಸೆಟ್ ಬಾಡಿಗೆಗೆ ಕೊಡುವವನು. ರೆಕಾರ್ಡು ಮಾಡುವ ಸಾಮಾನನ್ನು ಯಾರೋ ಹೇಳಿದರೆಂದು ತರಿಸಿಟ್ಟುಕೊಂಡಿದ್ದ, ಎರಡು ವರ್ಷದಿಂದ ಒಂದೂ ಮಾರಿರಲಿಲ್ಲ. ಯಾವುದು ಒಳ್ಳೆಯದು ಎಂದರೆ ಜಾಸ್ತಿ ಬೆಲೆಯದು ಒಳ್ಳೆಯದು ಎನ್ನುತ್ತಿದ್ದ. ಏಕೆ ಒಳ್ಳೆಯದು ಎಂದರೆ ಜಾಸ್ತಿ ಕೇಳುತ್ತದೆ ಎನ್ನುತ್ತಿದ್ದ. ಜಾಸ್ತಿ ಕೇಳಿದರೆ ಗುಂಯ್ ಕೂಡ ಜಾಸ್ತಿ ಕೇಳುವುದಿಲ್ಲವೇ ಎಂದಾಗ ತಲೆ ಕೆರೆದುಕೊಂಡು, ಹಾಗಾದರೆ ಕಡಿಮೆ ಬೆಲೆಯದೇ ತಗೊಳ್ಳಿ ಎಂದ. ಒಂದೊಂದನ್ನೇ ಕಿವಿಗೆ ಹಾಕಿ ತೋರಿಸಿದ. ಅಂಗಡಿಯ ಗುಂಯ್‌ನಲ್ಲಿ ಎರಡು ಸಾವಿರದ್ದೂ ಎಂಟು ಸಾವಿರದ್ದೂ ಒಂದೇ ಥರ ಗುಂಯ್ ಎಂದವು. ಪೇಟೆಯಲ್ಲಿ ರೇಡಿಯೊ ರಿಪೇರಿ ಮಾಡುವ ನನ್ನ ಮೈದುನ ಪರಮೇಶಿಯನ್ನು ಕೇಳಿದರೆ, ಸಾಮಾನು ಯಾವುದಾದರೂ ಆಗುತ್ತದೆ, ಗೋಡೆಗೆ ಮೊಟ್ಟೆಯ ರಟ್ಟು ಅಂಟಿಸುವುದು ಮುಖ್ಯ ಎಂದ. ಇನ್ನೂರು ರಟ್ಟು ತಂದು ಅಂಟಿಸಿ, ಕೋಣೆಯ ನಡುವೆ ನಿಂತು ಕೂಗಿ ನೋಡಿದೆ. ಮೊದಲು ಹೇಗಿತ್ತೋ ಹಾಗೇ ಕೇಳಿಸಿತು, ಕೋಣೆಯೆಲ್ಲ ಕೋಳಿ ವಾಸನೆ ಬಂತು ಅಷ್ಟೇ. ಅದನ್ನೆಲ್ಲ ಕಿತ್ತು, ಮೂಲೆಗಳಲ್ಲಿ ಬೂಸಾ ತುಂಬಿದ ಗೋಣಿಚೀಲ ಒಟ್ಟಿ, ಗೋಡೆಗೆ ಹಳೆಯ ಕೌದಿಗಳನ್ನು ಎರಡೆರಡು ಪದರ ನೇತುಹಾಕಿದೆ. ಕೂಗಿದರೆ ಕೂಗು ನನ್ನ ಬಾಯ ಮುಂದೆಯೇ ಬಿದ್ದುಹೋಯಿತು. ಸ್ಪಂಜಿನ ಏಳು ಸಾವಿರದ ಇನ್ನೂರು ಅಲ್ಲಿಗೆ ಉಳಿಯಿತು. ದಪ್ಪ ಇದ್ದದ್ದು ಸದ್ದು ನುಂಗುತ್ತದೆ, ತೆಳ್ಳಗಿದ್ದದ್ದು ನುಂಗುವುದಿಲ್ಲ. ಇದನ್ನು ತಿಳಿಯಲು ನನಗೆ ಯಾರೂ ಬೇಕಿರಲಿಲ್ಲ.

ಆದರೆ ಮೈಕಿನ ವಿಷಯ ಬಗೆಹರಿಯಲಿಲ್ಲ. ಕೊನೆಗೆ, ಇಲಿಯಾಸನ ಬೀದಿಗೆ ಬಿಡುವು ಬರುವವರೆಗೆ ಕಾಯುವುದೆಂದು ತೀರ್ಮಾನಿಸಿದೆ. ಆರನೆಯ ದಿನ, ಮಧ್ಯಾಹ್ನ ಮೂರು ಗಂಟೆಗೆ ಬಂತು. ಅಂಗಡಿಯ ಮುಂದೆ ಡಾಕ್ಟರಿಗೆ ಕಾದವರ ಸಾಲು, ಎದುರು ಮನೆಯಲ್ಲಿ ಮಗಳ ಮದುವೆಯ ಮಾತುಕತೆ. ದೂರದ ಉಸಿರು ಹಿಡಿಯುವ ಮೈಕು ಡಬ್ಬಿ ಸೇರಿ ನನ್ನ ದುಡ್ಡಿಗೆ ಮೀರಿದ್ದರಿಂದ ಅದನ್ನು ಬಿಟ್ಟು, ಇಲಿಯಾಸ್ ಬಾಗಿಲು ಹಾಕಿ, ಉಳಿದ ಮೂರು ಸಾಮಾನು ಮೇಜಿನ ಮೇಲಿಟ್ಟ. ಹತ್ತಿರದ ಮೈಕು ತನ್ನ ಮುಂದಿನದನ್ನು ಮಾತ್ರ ಕೇಳಿಸಿತು, ದನಿ ಹಂಡೆಯೊಳಗಿಂದ ಬಂದ ಹಾಗಿತ್ತು. ಕಂಪ್ಯೂಟರಿನ ಮೈಕಿನಲ್ಲಿ ದೂರದಲ್ಲಿ ಯಾರೋ ಎಣ್ಣೆಗೆ ಸಾಸಿವೆ ಹಾಕಿದ ಹಾಗೆ ಸ್ಸ್ ಎಂದು ಬರುತ್ತಲೇ ಇತ್ತು. ಯಾರ ಮನೆಯಲ್ಲಿ ಒಗ್ಗರಣೆ ಎಂದು ಕೇಳಿದೆ. ಯಾರದೂ ಅಲ್ಲ, ಅದು ಮೈಕಿನದೇ ಸದ್ದು ಎಂದ. ಮೂರನೆಯದು ಆ ಹಳೆಯ ರೆಕಾರ್ಡರು. ಪರ ಊರಿನವನೊಬ್ಬ ಹಕ್ಕಿಗಳ ದನಿ ಹಿಡಿಯಲು ತಂದು, ಗುಂಯ್‌ಗೆ ಸೋತು, ಸಿಕ್ಕ ಬೆಲೆಗೆ ಇಲಿಯಾಸನಿಗೆ ಮಾರಿ ಹೋಗಿದ್ದ. ಒಂದು ಮೂಲೆ ಜಜ್ಜಿಹೋಗಿತ್ತು. ಅದನ್ನು ಕಿವಿಗೆ ಹಾಕಿಕೊಂಡರೆ ಏನೂ ಕೇಳಿಸಲಿಲ್ಲ.

"ಆನ್ ಮಾಡಪ್ಪ," ಎಂದೆ.

"ಆನ್ ಆಗೈತೆ ಅಕ್ಕ."

"ಏನೂ ಕೇಳಿಸ್ತಿಲ್ಲ."

"ಏನೂ ಇಲ್ವಲ್ಲ ಅಕ್ಕ ಈಗ, ಅದುಕ್ಕೇ ಕೇಳಿಸ್ತಿಲ್ಲ."

ಏನೂ ಕೇಳಿಸದ್ದಕ್ಕೆ ಏಳು ಸಾವಿರದ ಎಂಟುನೂರು ಕೊಡುವ ಹುಚ್ಚಿ ನಾನಲ್ಲ ಎಂದು ಹೇಳಿದೆ. ಅವನಿಗೂ ಅದು ನ್ಯಾಯ ಅನ್ನಿಸಿರಬೇಕು, ಆರು ಸಾವಿರದ ಒಂಬೈನೂರಕ್ಕೆ ಇಳಿದ. ಸ್ಟ್ಯಾಂಡು, ಹೆಡ್‌ಫೋನು, ನಾಲ್ಕು ಸಣ್ಣ ಸ್ಪೀಕರು ಸೇರಿಸಿ ಕಟ್ಟಿಸಿಕೊಂಡೆ. ದಾರಿಯುದ್ದಕ್ಕೂ ಸರಿಯಾದದ್ದನ್ನು ತಂದೆನೋ ಇಲ್ಲವೋ ತಿಳಿಯಲಿಲ್ಲ. ಎರಡು ಕೆಟ್ಟವನ್ನು ಬಿಟ್ಟು ಮೂರನೆಯದನ್ನು ತಂದಿದ್ದೆ ಎಂಬುದಷ್ಟೇ ಧೈರ್ಯ.

ನಮ್ಮ ಓಣಿಯ ಬಿಡುವಿಗೆ ಎಲ್ಲ ಸಿದ್ಧ ಮಾಡಿಕೊಂಡೆವು. ಬಾಗಿಲಿಗೆ ಎರಡು ಕೌದಿ, ಕಿಟಕಿಗೆ ಹಾಸಿಗೆ. ಕೆಂಚಮ್ಮನನ್ನು ಎತ್ತರದ ಮಣೆಯ ಮೇಲೆ ಕೂರಿಸಿ, ಅವಳಿಂದ ಒಂದು ಗೇಣು ದೂರದಲ್ಲಿ ರೆಕಾರ್ಡರು ನಿಲ್ಲಿಸಿದೆ. ಗುಂಯ್ ನಿಂತಿತು. ಗುಂಡಿ ಒತ್ತಿ ಕೈಸನ್ನೆ ಮಾಡಿದೆ. ಕೆಂಚಮ್ಮ ಬಾಯಿ ತೆರೆದಳು, ಮುಚ್ಚಿದಳು. ಮತ್ತೆ ತೆರೆದಳು. ಎರಡು ನಿಮಿಷ ಹಾಗೇ ಹೋಯಿತು. ನಲವತ್ತೆಂಟು ವರ್ಷ ಹಾಡಿದವಳಿಗೆ ದನಿ ಎಲ್ಲಿಂದ ಎತ್ತಬೇಕೆಂದು ತಿಳಿಯುತ್ತಿರಲಿಲ್ಲ.

"ಹಿಡ್ಕಳಕ್ಕೆ ಏನೂ ಇಲ್ವಲ್ಲೇ ಇಲ್ಲಿ," ಎಂದಳು.

ಅವಳು ಇದುವರೆಗೆ ಗುಂಯ್‌ನಿಂದಲೇ ಶ್ರುತಿ ತೆಗೆದುಕೊಳ್ಳುತ್ತಿದ್ದಳು ಎಂಬುದು ಅವಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಬಿಡುವಿನಲ್ಲಿ ಯಾವ ಕೂಸಿಗೂ ಹಾಡು ಬೇಕಿಲ್ಲವಾದ್ದರಿಂದ ಅವಳು ಎಂದೂ ಬಿಡುವಿನಲ್ಲಿ ಹಾಡಿರಲಿಲ್ಲ. ಒಂದು ಸಾಲು ಹಾಡುವಳು, ನಿಲ್ಲಿಸಿ ಹುಡುಕುವಳು, ಇನ್ನೊಂದು ಸಾಲು ಹಾಡುವಳು. ಆ ಸಲ ನಲವತ್ತು ನಿಮಿಷದಲ್ಲಿ ಎರಡು ಹಾಡಾದವು. ಹಾಗಾದರೆ ಗುಂಯ್ ಇರುವಾಗಲೇ ಹಾಡಿಸಿಬಿಡೋಣ ಎಂದು ಒಮ್ಮೆ ಅನ್ನಿಸಿತು. ಆದರೆ ಊರಿನಲ್ಲಿ ಯಾರಿಗೆ ಹೇಳಿದರೂ ನಗುತ್ತಿದ್ದರು. ನಮ್ಮಲ್ಲಿ ಒಳ್ಳೆಯ ಕೆಲಸವೆಲ್ಲ ಬಿಡುವಿನಲ್ಲೇ ಆಗಬೇಕು. ಆದ್ದರಿಂದ ಐವತ್ತು ಚಿಲ್ಲರೆ ದಿನ, ಏಳು ಬಿಡುವು ಹಿಡಿದು ಹದಿನಾಲ್ಕು ಹಾಡು ಮುಗಿಸಿದೆವು. ಪ್ರತಿ ಹಾಡಿನ ಪ್ರತಿ ಸಾಲಿನ ಹಿಂದೆ ಮುಂದೆ ಅವಳು ದನಿ ಹುಡುಕಿದ ಖಾಲಿ ಜಾಗ. ಕೆಲವು ಕಡೆ ಅರ್ಧ ನಿಮಿಷ, ಕೆಲವು ಕಡೆ ಒಂದು ನಿಮಿಷವೇ ಇತ್ತು. ಅದನ್ನು ಕತ್ತರಿಸಲು ಇಲಿಯಾಸ್ ಹಾಡಿಗೆ ಮೂವತ್ತು ರೂಪಾಯಿ ಕೇಳಿದ. ಇರಲಿ ಬಿಡು ಎಂದೆ.

ಮೊದಲ ಸ್ಪೀಕರು ಹೋದದ್ದು ಸುಕನ್ಯಳ ಮನೆಗೆ. ಅವಳಿ ಕೂಸು, ಐದು ತಿಂಗಳು, ಅವಳ ಕಣ್ಣ ಕೆಳಗೆ ಕಪ್ಪು ಇಳಿದಿತ್ತು. ದಿನಕ್ಕೆ ಹದಿನೈದು ರೂಪಾಯಿ ಬಾಡಿಗೆ. ಮೂರನೆಯ ದಿನ ಅವಳು ಗಿರಣಿಗೆ ಬಂದಳು. ಕೆಂಚಮ್ಮ ಕಟ್ಟೆಯ ಮೇಲೆ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕೂತಿದ್ದಳು. ಸುಕನ್ಯ ಚೆನ್ನಾಗಿ ನಿದ್ದೆ ಮಾಡಿದವಳ ಹಾಗೆ ಕಂಡಳು, ಆದರೆ ಹೇಳಬೇಕಾದದ್ದನ್ನು ಹೇಳದೆ ಹಿಟ್ಟಿನ ಬೆಲೆ, ಬಿಸಿಲು ಎಲ್ಲ ಮಾತಾಡಿದಳು. ಕೊನೆಗೆ ವಿಷಯಕ್ಕೆ ಬಂದಳು.

"ದಾಕ್ಷಾಯಣಕ್ಕ, ಅದರಲ್ಲಿ ಆ ಹಾಡು ಬರ್ತೈತಲ್ಲ, ಅದನ್ನ ತೆಗೆದು ಕೊಡಾಕಾಗ್ತೈತಾ?"

ನನಗೆ ಅರ್ಥವಾಗಲಿಲ್ಲ. ಅವಳು ಬಿಡಿಸಿ ಹೇಳಿದಳು. ಸ್ಪೀಕರು ಹಚ್ಚಿದೊಡನೆ, ಕೆಂಚಮ್ಮ ಇನ್ನೂ ಹಾಡಲು ತೊಡಗುವ ಮೊದಲು, ಕೋಣೆಯ ಗುಂಯ್ ನಿಂತುಬಿಡುತ್ತದೆ. ನಮ್ಮ ಓಣಿಯ ಬಿಡುವೇ ಅವಳ ಮನೆಯ ಕೋಣೆಯಲ್ಲಿ ಬಂದು ಕೂರುತ್ತದೆ. ಕೂಸುಗಳು ಕಣ್ಣು ಮುಚ್ಚುತ್ತವೆ. ಹಾಡು ಬಂದೊಡನೆ ಬೆಚ್ಚಿ ಎದ್ದು ಅಳುತ್ತವೆ. ಸಾಲು ಮುಗಿದ ಮೇಲೆ ಮತ್ತೆ ಮಲಗುತ್ತವೆ. ಸುಕನ್ಯ ಹೇಳುತ್ತಿದ್ದಂತೆ ನಾನು ಕೆಂಚಮ್ಮನ ಕಡೆ ನೋಡಲಿಲ್ಲ. ಕೆಂಚಮ್ಮನೇ ಮಾತಾಡಿದಳು.

"ನಾನು ಶುರು ಮಾಡ್ದಾಗ ಏಳ್ತವಾ?"

"ಹೂಂ ಅಜ್ಜಿ. ತಪ್ಪು ತಿಳ್ಕಬ್ಯಾಡ್ರಿ."

"ಏನ್ ತಪ್ಪು, ಕೂಸು ಸುಳ್ಳು ಹೇಳ್ತಾವಾ," ಎಂದು ಕೆಂಚಮ್ಮ ಮಂಡಿ ತಿಕ್ಕುವುದನ್ನು ಮುಂದುವರಿಸಿದಳು.

ಸುಕನ್ಯ ಹೋದ ಮೇಲೆ ರೆಕಾರ್ಡರನ್ನು ಸ್ಪೀಕರಿಗೆ ಸಿಕ್ಕಿಸಿ ಹಚ್ಚಿ ನೋಡಿದೆವು. ನಿಜವಾಗಿಯೂ ಗುಂಯ್ ನಿಂತಿತು. ಹೆಡ್‌ಫೋನಿನಲ್ಲಿ ಕೇಳುತ್ತಿದ್ದುದರಿಂದ ಇದುವರೆಗೆ ನಮಗೆ ತಿಳಿದಿರಲಿಲ್ಲ. ಇಲಿಯಾಸನನ್ನು ಕರೆಸಿದೆ. ಅವನು ಉಳಿದ ಎರಡು ಮೈಕುಗಳಲ್ಲೂ ಬಿಡುವು ಹಿಡಿದು ನೋಡಿದ, ಸಾಸಿವೆಯ ಸದ್ದು ಬಂತು, ಹಂಡೆಯ ಸದ್ದು ಬಂತು, ಬಿಡುವು ಬರಲಿಲ್ಲ. ಏನೂ ಕೇಳಿಸದ ಸಾಮಾನಿಗೆ ಮಾತ್ರ ಏನೂ ಇಲ್ಲದ್ದು ಸಿಕ್ಕಿತ್ತು. ನಾನು ಒಂಬೈನೂರು ಇಳಿಸಿ ತಂದದ್ದನ್ನು ನೆನೆದು ಅವನು ರೆಕಾರ್ಡರಿನ ಜಜ್ಜಿದ ಮೂಲೆಯನ್ನು ಬೆರಳಲ್ಲಿ ಸವರಿದ.

ಆ ವಾರ ಏಳು ಮನೆಯವರು ಕೇಳಿ ಬಂದರು. ಎಲ್ಲರಿಗೂ ಹಾಡಿಲ್ಲದ್ದೇ ಬೇಕು. ಇಪ್ಪತ್ತು ಕೊಡುತ್ತೇವೆ ಎಂದರು, ಒಬ್ಬರು ಮೂವತ್ತು ಎಂದರು. ನನಗೆ ಕೊಡಲು ಮನಸ್ಸಿರಲಿಲ್ಲ. ಹಾಡು ಮಾರಲು ಹೊರಟವಳು ಹಾಡಿನ ಸಂದು ಮಾರುವುದು ಯಾವ ವ್ಯಾಪಾರ? ಇದು ಕೆಂಚಮ್ಮನದೋ, ಓಣಿಯದೋ, ನನ್ನದೋ ಎಂಬುದೂ ಗೊತ್ತಾಗಲಿಲ್ಲ. ನೀನು ಬೇಡ ಎಂದರೆ ಇಲ್ಲಿಗೇ ನಿಲ್ಲಿಸೋಣ ಎಂದು ಕೆಂಚಮ್ಮನಿಗೆ ಹೇಳಿದೆ.

"ನನ್ನ ಮಂಡಿ ಹಾಡು ಕೇಳಲ್ಲ ಕಣೆ, ದುಡ್ಡು ಕೇಳ್ತೈತೆ. ಕೊಡು," ಎಂದಳು.

ಕೊಟ್ಟೆ. ಕೆಲಸ ಶುರುವಾದ ಮೇಲೆ ಅದರ ಕಷ್ಟಗಳು ತಿಳಿದವು. ಸ್ಪೀಕರಿನಲ್ಲಿ ಇಪ್ಪತ್ತು ದಿನ ಕಳೆದರೆ ಬಿಡುವಿಗೆ ಮೆಲ್ಲಗೆ ಗುಂಯ್ ನುಸುಳುತ್ತದೆ. ನಕಲಿನಿಂದ ನಕಲು ತೆಗೆದರೆ ಬಿಡುವು ತೆಳ್ಳಗಾಗಿ, ಅದರ ಹಿಂದಿನಿಂದ ಗುಂಯ್ ಕಾಣಿಸುತ್ತದೆ. ಪ್ರತಿ ಸಲವೂ ರೆಕಾರ್ಡರಿನಲ್ಲಿರುವ ಮೂಲದಿಂದಲೇ ತೆಗೆಯಬೇಕು. ಹಾಡಿನ ಸಂದುಗಳು ಚಿಕ್ಕವು, ಜನಕ್ಕೆ ಇಡೀ ನಲವತ್ತು ನಿಮಿಷ ಬೇಕು. ಹೊಸ ಬಿಡುವು ಹಿಡಿಯಲು ಹೋದರೆ ರೆಕಾರ್ಡರು ಜಾಗ ಇಲ್ಲ ಎಂದು ತೋರಿಸಿತು. ಹಳೆಯ ಸಾಮಾನು, ಅದಕ್ಕೆ ದೊಡ್ಡ ಕಾರ್ಡು ಹಿಡಿಸುವುದಿಲ್ಲ. ಒಳಗಿದ್ದದ್ದು ಹದಿನಾಲ್ಕು ಹಾಡು. ಅವನ್ನು ತನ್ನ ಕಂಪ್ಯೂಟರಿಗೆ ಹಾಕಿಡುತ್ತೇನೆ, ಹಾಡಿಗೆ ಐವತ್ತು ಎಂದ ಇಲಿಯಾಸ್. ಏಳುನೂರು ರೂಪಾಯಿ. ಯಾರೂ ಕೇಳದ ಹಾಡಿಗೆ ಏಳುನೂರು ಏಕೆ ಎಂದು ನಾನು ಯೋಚಿಸಿದೆ. ಕೆಂಚಮ್ಮನೂ ಹಾಗೇ ಹೇಳಿದಳು, ಗಂಟಲೊಳಗೆ ಇರುವುದಕ್ಕೆ ಪೆಟ್ಟಿಗೆ ಬಾಡಿಗೆ ಏಕೆ ಕೊಡುತ್ತೀಯ ಎಂದಳು. ಸ್ಪೀಕರುಗಳಲ್ಲಿದ್ದ ಹಾಡುಗಳನ್ನು ಜನ ಬೇಡ ಎಂದಾಗಲೇ ತೆಗೆದಿದ್ದೆವು. ರೆಕಾರ್ಡರಿನಿಂದಲೂ ಒಂದೊಂದಾಗಿ ಹದಿನಾಲ್ಕನ್ನೂ ಅಳಿಸಿದೆ. ಗುಂಡಿ ಒತ್ತಿದ್ದು ನನ್ನ ಬೆರಳೇ, ಬೇರೆ ಯಾರದೂ ಅಲ್ಲ. ಅಳಿಸುವ ಮೊದಲು ಇದನ್ನು ಅಳಿಸಲೇ ಎಂದು ಯಂತ್ರ ಪ್ರತಿ ಸಲ ಕೇಳಿತು. ಹೌದು ಎಂದು ಹದಿನಾಲ್ಕು ಸಲ ಹೇಳಿದೆ.

ಎಂಟು ತಿಂಗಳಲ್ಲಿ ಹತ್ತೊಂಬತ್ತು ಮನೆಗಳಾದವು. ಕೆಂಚಮ್ಮ ಪಟ್ಟಣದ ಮೂಳೆ ಡಾಕ್ಟರ ಬಳಿ ಹೋಗಿ ಮಂಡಿಗೆ ನಾಲ್ಕು ಸೂಜಿ ಹಾಕಿಸಿಕೊಂಡು ಬಂದಳು. ಮೊದಲು ಕೋಲು ಬಿಟ್ಟಳು, ಆಮೇಲೆ ಗೋಡೆ ಹಿಡಿಯುವುದನ್ನು ಬಿಟ್ಟಳು. ಎರಡು ಹೊತ್ತು ಬಿಸಿ ಅನ್ನ ಉಂಡು ಮುಖ ತುಂಬಿಕೊಂಡಿತು. ಕೂಸು ಮಲಗಿಸಲು ಅವಳನ್ನು ಕರೆಯುವವರು ಯಾರೂ ಇರಲಿಲ್ಲ. ಅವಳಿಗೆ ಅದರ ಬೇಸರ ಇದೆಯೋ ಇಲ್ಲವೋ ನನಗೆ ತಿಳಿಯಲಿಲ್ಲ, ಕೇಳಲೂ ಹೆದರಿಕೆಯಾಗುತ್ತಿತ್ತು.

ಒಂದು ದಿನ ಹೊತ್ತೇರುವ ಮುಂಚೆ ಬಂದು, ನಡಿ, ಸುಕನ್ಯನ ಮನೆಗೆ ಹೋಗಿ ಬರೋಣ ಎಂದಳು. ನನಗಿಂತ ಜೋರಾಗಿ ನಡೆದಳು. ಏಕೆ ಎಂದು ಕೇಳಿದರೆ, ಕಾಲು ಬಂದೈತಲ್ಲ, ಒಂದು ಹಾಡು ಹೇಳಿ ಬರ್ತೀನಿ, ದುಡ್ಡೇನೂ ಬೇಡ ಎಂದಳು. ಕೂಸುಗಳು ವರ್ಷ ದಾಟಿದ್ದವು, ಸ್ಪೀಕರಿನ ಬಿಡುವಿನಲ್ಲಿ ಕೈಕಾಲು ಚೆಲ್ಲಿ ಮಲಗಿದ್ದವು. ಸುಕನ್ಯ ಅಡುಗೆಮನೆಯಿಂದ ಬಂದು ನಮ್ಮನ್ನು ಕೂರಿಸಿದಳು, ಕೆಂಚಮ್ಮ ಬಂದ ಕಾರಣ ಕೇಳಿ ಇಲ್ಲ ಎನ್ನಲಾರದೆ ಒಪ್ಪಿದಳು. ಬಿಡುವಿನಲ್ಲಿ ನನಗೆ ದನಿ ಸಿಗಲ್ಲ, ಅದನ್ನು ಆರಿಸು ಎಂದಳು ಕೆಂಚಮ್ಮ. ಸುಕನ್ಯ ಆರಿಸಿದಳು. ಗುಂಯ್ ಬಂತು. ಕೂಸುಗಳು ಮಿಸುಕಿದವು. ಕೆಂಚಮ್ಮ ನೆಲಕ್ಕೆ ಕೂತು, ಮಂಡಿ ಮಡಚಿ, ತೊಟ್ಟಿಲ ಅಂಚಿಗೆ ಬಾಯಿ ಇಟ್ಟು, ಗುಂಯ್‌ನಿಂದ ದನಿ ಎತ್ತಿಕೊಂಡು ಹಾಡಿದಳು. ಇಷ್ಟು ದಿನ ಆದಮೇಲೂ ದನಿ ತುಂಬ ಚೆನ್ನಾಗಿತ್ತು. ಕಪ್ಪು ಆಕಳು ಹೊಳೆ ದಾಟುವ ಹಾಡು ಅದು. ಮೊದಲ ಸಾಲು ಆಯಿತು, ಎರಡನೆಯದು ಆಯಿತು. ಆಕಳು ಹೊಳೆಯ ನಡುವೆ ಬಂತು. ಅಲ್ಲಿಗೆ ನಿಂತಿತು.

ಅವಳು ಮತ್ತೆ ಮೊದಲಿಂದ ಎತ್ತಿದಳು. ಮತ್ತೆ ಅಲ್ಲಿಗೇ ನಿಂತಳು, ಮುಂದಿನ ಸಾಲು ನೆನಪಿಗೆ ಬರಲಿಲ್ಲ. ಬೇರೆ ಹಾಡಿಗೆ ಹೋದಳು, ಅದರ ನಡುವೆ ಇನ್ನೊಂದರ ಸಾಲು ಬಂತು. ಅಷ್ಟರಲ್ಲಿ ಎರಡೂ ಕೂಸು ಎದ್ದು ಕೂತು, ಗುಂಯ್‌ಗೆ ಹೆದರಿ ಬಿಕ್ಕಿ ಬಿಕ್ಕಿ ಅಳತೊಡಗಿದವು. ಸುಕನ್ಯ ಸ್ವಲ್ಪ ಹೊತ್ತು ತಡೆದಳು, ಆಮೇಲೆ ಕೈ ಚಾಚಿ ಸ್ಪೀಕರು ಹಚ್ಚಿದಳು. ಕೋಣೆ ನಿಶ್ಶಬ್ದವಾಯಿತು. ಆ ನಿಶ್ಶಬ್ದದಲ್ಲಿ ಕೆಂಚಮ್ಮ ನನ್ನ ಕಡೆ ತಿರುಗಿ, ಮೆಲ್ಲಗೆ ಕೇಳಿದಳು.

"ಪೆಟ್ಟಿಗೇಲಿ ಒಂದೂ ಉಳಿದಿಲ್ವಾ?"

"ಇಲ್ಲ ಕಣಕ್ಕ."

"ಒಂದೂ?"

ಆಮೇಲೆ ಎರಡು ತಿಂಗಳು, ದಿನವೂ ಗಿರಣಿಯ ಕಟ್ಟೆಯ ಮೇಲೆ ಕೂತು ಅವಳು ಮರೆತ ಹಾಡುಗಳನ್ನು ಹುಡುಕಿದೆವು. ಹಿಂದೆ ಅವಳು ಮಲಗಿಸಿದ, ಈಗ ದೊಡ್ಡವರಾದವರನ್ನೆಲ್ಲ ಕೇಳಿದೆ. ಹಾಡು ಮುಗಿಯುವ ತನಕ ಅವರು ಯಾರೂ ಎಚ್ಚರ ಇದ್ದವರಲ್ಲ. ಅವರಿಗೆ ಮೊದಲ ಸಾಲುಗಳು ಗೊತ್ತು, ಮುಂದಿನದು ಗೊತ್ತಿಲ್ಲ. ಸಿಕ್ಕಿದ್ದನ್ನು ಇಲಿಯಾಸನ ಕಂಪ್ಯೂಟರಿನ ಮೈಕಿನಲ್ಲಿ, ಗುಂಯ್ ಇರುವಾಗಲೇ, ಅವನು ಕೇಳಿದಷ್ಟು ಕೊಟ್ಟು ಹಿಡಿಸಿಟ್ಟಿದ್ದೇನೆ.

ನಾನು ಮಾಡಿದ್ದು ಸರಿಯೋ ತಪ್ಪೋ ಎಷ್ಟು ಯೋಚಿಸಿದರೂ ಬಗೆಹರಿಯುವುದಿಲ್ಲ. ಆದದ್ದು ಇಷ್ಟು. ಹತ್ತೊಂಬತ್ತು ಮನೆಯ ಕೂಸುಗಳು ನಿದ್ದೆ ಮಾಡುತ್ತಿವೆ. ಕೆಂಚಮ್ಮ ಕೋಲಿಲ್ಲದೆ ನಡೆಯುತ್ತಾಳೆ, ಎರಡು ಹೊತ್ತು ಉಣ್ಣುತ್ತಾಳೆ. ಹದಿನಾಲ್ಕು ಹಾಡುಗಳಲ್ಲಿ ಐದು ಪೂರ್ತಿ ಸಿಕ್ಕಿವೆ. ಒಂಬತ್ತು ಹೋದವು.